ಗೇರ್ ಮಾಡಿಸಲು ಹೈದರಾಬಾದಿಗೆ

ಕಲಬುರಗಿಯ ಜನರಿಗೆ ಹೈದರಾಬಾದು ಪರವೂರಲ್ಲ. ದವಾಖಾನೆಗೆ ಹೋಗುವವರು, ಮದುವೆಯ ಬಟ್ಟೆ-ಬಳೆಗೆ ಹೋಗುವವರು, ಕಾಚಿಗುಡದ ಬಂಧುಗಳ ಮನೆಗೆ ಹೋಗುವವರು ಬೆಳಗಿನ ರೈಲಿನಲ್ಲಿ ಯಾವಾಗಲೂ ಸಿಗುತ್ತಾರೆ. 1956ರವರೆಗೆ ಅದು ನಮ್ಮ ರಾಜಧಾನಿಯೇ ಆಗಿತ್ತು. ಈ ಸಲ ನಾನು ಹೋದದ್ದು ಒಂದು ಮುರಿದ ಗೇರಿನ ಸಲುವಾಗಿ. ನನ್ನ ಷಡ್ಡಕನದು ಕಲಬುರಗಿಯಲ್ಲಿ ಬೇಳೆ ಮಿಲ್ಲು. ಹೊಸ ತೊಗರಿ ಮಾರುಕಟ್ಟೆಗೆ ಬರತೊಡಗಿದ ಹೊತ್ತಿನಲ್ಲೇ ಎಮರಿ ರೋಲರ್ ತಿರುಗಿಸುವ ಗೇರ್‌ಬಾಕ್ಸಿನ ಹಲ್ಲು ಮುರಿದು ಮಿಲ್ಲು ನಿಂತಿತು. ಯಂತ್ರ ಮಾರಿದ ಕಂಪನಿಗೆ ಫೋನ್ ಮಾಡಿದರೆ ಬಿಡಿಭಾಗ ಬರಲು ವಾರಗಳೇ ಬೇಕೆಂಬ ಉತ್ತರ ಬಂತು. ಊರಿನಲ್ಲಿ ಲೇತಿನ ಅಂಗಡಿಗಳಿಗೆ ಕೊರತೆಯಿಲ್ಲ. ಆದರೆ ಓರೆ ಹಲ್ಲು ಕತ್ತರಿಸಿ, ಮೇಲ್ಮೈಯನ್ನು ಸರಿಯಾಗಿ ಗಟ್ಟಿ ಮಾಡಿಕೊಡುವವರು ಅವನ ಕಣ್ಣಿಗೆ ಬೀಳಲಿಲ್ಲ. “ಬಾಲಾನಗರಕ್ಕ ಹೋಗೋದು ಛಲೋ. ನೀನೂ ಬಾ, ಹೆಂಗೂ ಕಾರ್ಖಾನಿ ಅಂದ್ರ ನಿನಗ ಹುಚ್ಚು” ಎಂದ. ಗೋಣಿಚೀಲದಲ್ಲಿ ಗೇರು ಕಟ್ಟಿಕೊಂಡು ಹೊರಟೆವು.

ವಾಡಿ ದಾಟಿದ ಮೇಲೆ ರೈಲಿನ ಎರಡೂ ಬದಿ ಸುಣ್ಣದಕಲ್ಲಿನ ನಾಡು. ಚಿತ್ತಾಪುರ, ಮಳಖೇಡ, ಸೇಡಂ, ತಾಂಡೂರು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿ ಇಂದು ಕಾಣುವುದು ಸಿಮೆಂಟ್ ಕಾರ್ಖಾನೆಯ ಎತ್ತರದ ಗೋಪುರಗಳು. ಸೇಡಂನಲ್ಲೂ ಅದೇ. ಇಷ್ಟು ದೊಡ್ಡ ಕಾರ್ಖಾನೆಗಳು ದಶಕಗಳಿಂದ ನಡೆಯುತ್ತಿದ್ದರೂ ಅವುಗಳ ಸುತ್ತ ಯಂತ್ರದ ಬಿಡಿಭಾಗ ಮಾಡುವ ಶೆಡ್ಡುಗಳ ಸಾಲು ಎದ್ದದ್ದನ್ನು ನಾನು ಕಂಡಿಲ್ಲ. ಕಲ್ಲು ಒಳಹೋಗುತ್ತದೆ, ಚೀಲ ಹೊರಬರುತ್ತದೆ. ನಡುವೆ ಊರಿನ ಕೈಗೆ ಕಲಿಕೆ ಸೋರಿ ಬರುವುದು ಬಹಳ ಕಡಿಮೆ. ಒಂದು ಊರಿನಲ್ಲಿ ದೊಡ್ಡ ಕಾರ್ಖಾನೆ ಸುತ್ತಲಿನವರನ್ನು ಬೆಳೆಸುತ್ತದೆ, ಇನ್ನೊಂದು ಊರಿನಲ್ಲಿ ಬೆಳೆಸುವುದಿಲ್ಲ. ಏಕೆ? ಬೇಗಂಪೇಟೆಯಲ್ಲಿ ಇಳಿಯುವವರೆಗೂ ಈ ಪ್ರಶ್ನೆ ನನ್ನ ತಲೆಯಲ್ಲಿತ್ತು.

ಬಾಲಾನಗರ ಬೇಗಂಪೇಟೆಗೆ ಹತ್ತಿರ. ಫತೇನಗರದ ಕಡೆಯಿಂದ ಆಟೊ ಒಳಹೊಕ್ಕರೆ ಗಲ್ಲಿಯ ಎರಡೂ ಪಕ್ಕ ತಗಡಿನ ಶೆಡ್ಡುಗಳು, ಬಾಗಿಲಲ್ಲಿ ಸುರುಳಿ ಸುರುಳಿಯಾಗಿ ಬಿದ್ದ ಉಕ್ಕಿನ ಚೂರು, ಕಟಿಂಗ್ ಆಯಿಲಿನ ವಾಸನೆ. ನಾವು ಹುಡುಕಿಕೊಂಡು ಹೋದ ವರ್ಕ್‌ಶಾಪಿನ ಯಜಮಾನರು ಮೂಲತಃ ಆಳಂದ ತಾಲ್ಲೂಕಿನವರು. ಐಟಿಐ ಮುಗಿಸಿ ಇಲ್ಲಿಗೆ ಬಂದು ಟರ್ನರ್ ಆಗಿ ದುಡಿದು, ಹಳೆಯ ಲೇತೊಂದನ್ನು ಕೊಂಡು ಸ್ವಂತ ಕೆಲಸ ಶುರು ಮಾಡಿದವರು. ಗೋಣಿಚೀಲ ಬಿಚ್ಚಿ ಗೇರನ್ನು ಕೈಯಲ್ಲಿ ಹಿಡಿದು, ಮುರಿದ ಹಲ್ಲಿನ ಮೇಲೆ ಹೆಬ್ಬೆರಳು ಆಡಿಸಿದರು.

“ಸಾವ್ಕಾರ್ರ, ಇದು ಲೋಡಿನಿಂದ ಮುರದದ್ದಲ್ರಿ. ಮ್ಯಾಲಿನ ಪದರ ಭಾಳ ತೆಳ್ಳಗ ಗಟ್ಟಿ ಮಾಡ್ಯಾರ. ಒಳಗ ಮೆತ್ತಗ ಉಳದದ.”

ಮುರಿದ ತುಂಡನ್ನು ಬೆಳಕಿಗೆ ಹಿಡಿದು ಹೇಳಿದ ಆ ಮಾತು ನಾಲ್ಕು ವರ್ಷದ ಪದವಿಗೆ ಸಮವಾದ ತಿಳಿವಳಿಕೆ ಎಂದು ನನಗನ್ನಿಸಿತು. ಆಮೇಲೆ ನಡೆದದ್ದನ್ನು ನಾನು ಹಿಂದೆ ಹಿಂದೆ ಹೋಗಿ ನೋಡಿದೆ. ಪಕ್ಕದ ರಸ್ತೆಯ ಉಕ್ಕಿನ ದಾಸ್ತಾನುದಾರರ ಬಳಿ ಕೇಸ್ ಹಾರ್ಡನಿಂಗಿಗೆ ಒಗ್ಗುವ ಉಕ್ಕಿನ ದುಂಡನ್ನು ಬೇಕಾದಷ್ಟೇ ಅಗಲಕ್ಕೆ ಗರಗಸದಲ್ಲಿ ಕೊಯ್ಸಿದರು. ಅದು ಇವರ ಲೇತಿನಲ್ಲಿ ತಿರುವಿ ಅಳತೆಗೆ ಬಂತು. ಹಲ್ಲು ಕತ್ತರಿಸುವ ಹಾಬಿಂಗ್ ಯಂತ್ರ ಇವರಲ್ಲಿಲ್ಲ, ಮೂರು ಶೆಡ್ಡು ಆಚೆ ಇದೆ. ಅಲ್ಲಿನವರು ಅದೊಂದೇ ಕೆಲಸ ಮಾಡುತ್ತಾರೆ. ಕೀ-ವೇ ಕೊರೆಯುವ ಸ್ಲಾಟಿಂಗ್ ಯಂತ್ರ ಎದುರಿನ ಗಲ್ಲಿಯಲ್ಲಿ. ಸಂಜೆಯಾಗುವ ಹೊತ್ತಿಗೆ ಗೇರು ಹೀಟ್ ಟ್ರೀಟ್‌ಮೆಂಟ್ ಮಾಡುವವರ ಕುಲುಮೆಯ ಮುಂದೆ ಇತರರ ಬಿಡಿಭಾಗಗಳ ಜೊತೆ ಬುಟ್ಟಿಯಲ್ಲಿ ಕೂತಿತ್ತು. ರಾತ್ರಿಯಿಡೀ ಇಂಗಾಲ ಹೀರಿಕೊಂಡು, ಎಣ್ಣೆಯಲ್ಲಿ ಮುಳುಗಿ, ಬೆಳಿಗ್ಗೆ ಗಡಸುತನ ಅಳೆಯುವ ರಾಕ್‌ವೆಲ್ ಪರೀಕ್ಷೆಗೆ ಸಿಗುತ್ತದೆ. ನಂತರ ಒಳತೂತಿಗೆ ಗ್ರೈಂಡಿಂಗ್. ಅದೂ ಬೇರೆಯವರದೇ.

ಈ ಎಲ್ಲ ಯಂತ್ರಗಳನ್ನು ಒಬ್ಬನೇ ಕೊಳ್ಳಬೇಕೆಂದರೆ ಕೋಟಿಗಟ್ಟಲೆ ಬೇಕು. ಇಲ್ಲಿ ಯಾರೂ ಹಾಗೆ ಕೊಂಡಿಲ್ಲ. ಒಬ್ಬೊಬ್ಬರದು ಒಂದೊಂದು ಯಂತ್ರ, ಒಂದೊಂದು ಪರಿಣತಿ. ಗಲ್ಲಿಯೇ ಕಾರ್ಖಾನೆ. ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಮಾರ್ಷಲ್ 1890ರಲ್ಲೇ ಇಂಗ್ಲೆಂಡಿನ ಕೈಗಾರಿಕಾ ಪಟ್ಟಣಗಳ ಬಗ್ಗೆ ಇದನ್ನು ವಿವರಿಸಿದ್ದ: ಒಂದೇ ಕಸುಬಿನವರು ಒಂದೆಡೆ ನೆಲೆಸಿದಾಗ ಕೆಲಸಗಾರ, ಕಚ್ಚಾವಸ್ತು, ಕಸುಬಿನ ಗುಟ್ಟು ಮೂರೂ ಸುತ್ತಮುತ್ತಲೇ ಸಿಗುತ್ತವೆ. ಬೆಂಗಳೂರಿನ ಪೀಣ್ಯವನ್ನು ನೋಡಿದವರಿಗೆ ಇದು ಹೊಸತಲ್ಲ. ಸಣ್ಣ ಉದ್ಯಮದ ಚರ್ಚೆಗಳಲ್ಲಿ ಸಾಲ, ಸಹಾಯಧನ, ನಿವೇಶನಗಳ ಮಾತು ಮೊದಲು ಬರುತ್ತದೆ. ನನ್ನ ಅನುಭವದಲ್ಲಿ ಮೊದಲು ಬರಬೇಕಾದದ್ದು ನೆರೆಹೊರೆ.

ಈ ನೆರೆಹೊರೆ ತಾನಾಗಿ ಹುಟ್ಟಲಿಲ್ಲ. ನಿಜಾಮನ ಸರ್ಕಾರ 1929ರಲ್ಲಿ ಒಂದು ಕೋಟಿ ರೂಪಾಯಿಯ ಕೈಗಾರಿಕಾ ಟ್ರಸ್ಟ್ ನಿಧಿ ಸ್ಥಾಪಿಸಿ ಕಾರ್ಖಾನೆಗಳಿಗೆ ಬಂಡವಾಳ ಹಾಕಿತು. ಅಜಮಾಬಾದ್, ಸನತ್‌ನಗರಗಳು ಕೈಗಾರಿಕಾ ಪ್ರದೇಶಗಳಾದವು. 1942ರಲ್ಲಿ ಹೈದರಾಬಾದ್ ಆಲ್ವಿನ್, 1943ರಲ್ಲಿ ಪ್ರಾಗಾ ಟೂಲ್ಸ್ ಬಂದವು. ಬಸ್ಸಿನ ಮೈ, ಫ್ರಿಜ್, ಕೈಗಡಿಯಾರ ಎಲ್ಲವನ್ನೂ ಆಲ್ವಿನ್ ಮಾಡಿತು. ಸ್ವಾತಂತ್ರ್ಯದ ನಂತರ ಕೇಂದ್ರ ಸರ್ಕಾರ ಇಲ್ಲಿ ದೊಡ್ಡ ಉದ್ಯಮಗಳನ್ನು ಒಂದರ ಹಿಂದೊಂದು ತಂದಿತು. ರಾಮಚಂದ್ರಾಪುರದಲ್ಲಿ ಬಿಎಚ್‌ಇಎಲ್, ಬಾಲಾನಗರದ ಕಡೆ ಎಚ್‌ಎಎಲ್, ಐಡಿಪಿಎಲ್ ಮತ್ತು ಎಚ್‌ಎಂಟಿ, ಪೂರ್ವದಲ್ಲಿ 1967ರ ಇಸಿಐಎಲ್, ಆಮೇಲೆ ಅಣು ಇಂಧನ ಸಂಕೀರ್ಣ, 1970ರಲ್ಲಿ ಭಾರತ್ ಡೈನಾಮಿಕ್ಸ್, 1973ರಲ್ಲಿ ಮಿಧಾನಿ. ಬಾಲಾನಗರದಲ್ಲೇ 1968ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ನೆರವಿನಿಂದ ಕೇಂದ್ರೀಯ ಟೂಲ್ ಡಿಸೈನ್ ಸಂಸ್ಥೆ ತೆರೆಯಿತು. ಡೈ, ಜಿಗ್, ಫಿಕ್ಸ್ಚರ್ ಮಾಡುವುದನ್ನು ಕಲಿಸುವ ಶಾಲೆ ಅದು. ಸಣ್ಣ ಶೆಡ್ಡಿನವನು ತನ್ನಿಂದಾಗದ ಕೆಲಸವನ್ನು ಕೊಟ್ಟು ಮಾಡಿಸಿಕೊಳ್ಳಬಹುದಾದ ಜಾಗವೂ ಹೌದು.

ದೊಡ್ಡ ಕಾರ್ಖಾನೆಗಳು ಬಿಡಿಭಾಗಗಳ ಕೆಲಸವನ್ನು ಹೊರಗೆ ಕೊಟ್ಟವು. ಕೊಡುವಾಗ ನಕ್ಷೆ ಕೊಟ್ಟವು, ಅಳತೆಯ ಕಟ್ಟುನಿಟ್ಟು ಕೊಟ್ಟವು, ತಪ್ಪಿದ್ದನ್ನು ತಿರಸ್ಕರಿಸಿ ಏಕೆಂದು ಹೇಳಿದವು. ಎಂಟಿಎಆರ್ ಕಂಪನಿಯ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. ಎಚ್‌ಎಂಟಿಯಲ್ಲಿ ಪಳಗಿದ ಎಂಜಿನಿಯರರು 1970ರಲ್ಲಿ ಬಾಲಾನಗರದಲ್ಲಿ ಹಳೆಯ ಯಂತ್ರೋಪಕರಣಗಳನ್ನು ರಿಪೇರಿ ಮಾಡುವ ಸಣ್ಣ ಘಟಕ ತೆರೆದರು. ಅಣುಶಕ್ತಿ ಇಲಾಖೆ ಮತ್ತು ಇಸ್ರೋದ ಕೆಲಸಗಳು ಬಂದವು. ಅಣು ರಿಯಾಕ್ಟರಿನ ಬಿಡಿಭಾಗಗಳು, ವಿಕಾಸ್ ರಾಕೆಟ್ ಎಂಜಿನ್ ಮುಂತಾದ ಕಠಿಣ ಕೆಲಸಗಳನ್ನು ಮಾಡುತ್ತ ಬೆಳೆದ ಅದೇ ಕಂಪನಿ 2021ರಲ್ಲಿ ಷೇರು ಮಾರುಕಟ್ಟೆಗೆ ಬಂತು. ಆ ಎಂಜಿನಿಯರರ ಛಲವನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಅಷ್ಟೇ ಛಲದವರು ಮಳಖೇಡದಲ್ಲೂ ಹುಟ್ಟಿದ್ದಾರೆ. ಹೀಗೇ ಮಾಡು ಎಂದು ಒತ್ತಾಯಿಸುವ ಗಿರಾಕಿ ಅವರಿಗೆ ಸಿಗಲಿಲ್ಲ. ಸಿಮೆಂಟು ಕಲ್ಲನ್ನು ಅರೆದು ಸುಡುವ ಉದ್ಯಮ. ಯಂತ್ರವನ್ನು ಹೊರಗಿನಿಂದ ತಂದು ನಿಲ್ಲಿಸಿದರೆ ಅದರ ಕೆಲಸ ನಡೆಯುತ್ತದೆ. ಯಂತ್ರವನ್ನೇ ತಯಾರಿಸುವ ಕಾರ್ಖಾನೆ ಪಕ್ಕದಲ್ಲಿದ್ದರೆ ಊರಿನ ಕೈ ಬದಲಾಗುತ್ತದೆ.

ಔಷಧ ಉದ್ಯಮದ ಕಥೆಯೂ ಇದೇ ಮಣ್ಣಿನದು. ಸೋವಿಯತ್ ನೆರವಿನ ಸರ್ಕಾರಿ ಔಷಧ ಕಾರ್ಖಾನೆ ಐಡಿಪಿಎಲ್‌ನಲ್ಲಿ ಕೆಲಸ ಕಲಿತ ರಸಾಯನಶಾಸ್ತ್ರಜ್ಞರು ಹೊರಬಂದು ತಮ್ಮದೇ ಘಟಕ ತೆರೆದರು. ಅವರಲ್ಲಿ ಅಂಜಿ ರೆಡ್ಡಿ ಒಬ್ಬರು. ಅವರ ಡಾ. ರೆಡ್ಡೀಸ್ ಹುಟ್ಟಿದ್ದು 1984ರಲ್ಲಿ. 1970ರ ಪೇಟೆಂಟ್ ಕಾಯ್ದೆ ಔಷಧಕ್ಕೆ ಪೇಟೆಂಟ್ ಕೊಡದೆ ತಯಾರಿಕೆಯ ವಿಧಾನಕ್ಕೆ ಮಾತ್ರ ಕೊಟ್ಟದ್ದರಿಂದ, ಬೇರೆ ವಿಧಾನ ಕಂಡುಹಿಡಿದವನಿಗೆ ಅದೇ ಔಷಧ ಮಾಡುವ ಅವಕಾಶ ಸಿಕ್ಕಿತು. 2005ರಲ್ಲಿ ಔಷಧಕ್ಕೇ ಪೇಟೆಂಟ್ ಬರುವವರೆಗಿನ ಆ ಮೂರು ದಶಕಗಳಲ್ಲಿ ಹೈದರಾಬಾದು ದೇಶದ ಬಲ್ಕ್ ಡ್ರಗ್ (ಔಷಧದ ಮೂಲವಸ್ತು) ರಾಜಧಾನಿಯಾಯಿತು. ಒಂದು ಕಾನೂನಿನ ಒಂದು ವಾಕ್ಯ ನೂರಾರು ಸಣ್ಣ ಘಟಕಗಳಿಗೆ ಉಸಿರು ಕೊಟ್ಟಿತು. ಅವುಗಳಿಗೆ ಬೇಕಾದ ಸ್ಟೇನ್‌ಲೆಸ್ ಸ್ಟೀಲ್ ರಿಯಾಕ್ಟರ್, ಡ್ರೈಯರ್, ಟ್ಯಾಂಕುಗಳನ್ನು ಬೆಸೆದುಕೊಟ್ಟದ್ದು ಬಾಲಾನಗರ, ಜೀಡಿಮೆಟ್ಲದ ವೆಲ್ಡರುಗಳು. 1990ರ ದಶಕದಲ್ಲಿ ಆಲ್ವಿನ್ ಹೋಳಾಗಿ ಮಾರಾಟವಾದಾಗ, ಐಡಿಪಿಎಲ್ ರೋಗಗ್ರಸ್ತವಾದಾಗ, ಒಂದೇ ಗಿರಾಕಿಯನ್ನು ನಂಬಿದ್ದ ಶೆಡ್ಡುಗಳು ಮುಳುಗಿದವು. ಔಷಧ ಕಂಪನಿಗಳ ಟ್ಯಾಂಕಿನ ಕಡೆಗೆ ತಿರುಗಿಕೊಂಡವರು ಉಳಿದರು. ನಮ್ಮ ಯಜಮಾನರೂ ಹಾಗೆ ಉಳಿದವರೇ.

ರಾತ್ರಿ ಅವರ ಮನೆಯಲ್ಲೇ ಊಟ. ಜೋಳದ ರೊಟ್ಟಿ, ಪುಂಡಿಪಲ್ಯ. ಕೆಲಸ ಹೇಗಿದೆ ಎಂದು ಕೇಳಿದೆ.

“ಕೆಲಸಕ್ಕೇನೂ ಕಮ್ಮಿ ಇಲ್ರಿ. ಮಾಡಿದ್ದಕ್ಕ ರೊಕ್ಕ ಯಾವಾಗ ಬರ್ತದ ಅಂಬೋದೇ ಚಿಂತಿ. ಮಾಲು ಹೋಗಿ ನಾಕು ತಿಂಗಳಾತು, ಬಿಲ್ಲು ಇನ್ನಾ ಅಕೌಂಟ್ಸ್‌ದಾಗ ಅದ ಅಂತಾರ. ಇಲ್ಲಿ ಹುಡುಗುರ ಪಗಾರ ತಿಂಗಳಿಗೊಮ್ಮೆ ಕೊಡಬೇಕು, ಉಕ್ಕಿನವಗ ನಗದೇ ಬೇಕು.”

ಮನೆಯಾಕೆ ಒಳಗಿನಿಂದ ಒಂದೇ ಮಾತು ಸೇರಿಸಿದರು: “ನನ್ನ ಬಂಗಾರ ಎಷ್ಟು ಸಲ ಬ್ಯಾಂಕಿಗಿ ಹೋಗಿ ಬಂದದ ಕೇಳ್ರಿ.”

ನಾವು ಸುಮ್ಮನಾದೆವು. ಸಣ್ಣ ತಯಾರಕನ ಕಷ್ಟಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ ಎಂದು ನಾನು ಬಹಳ ಕಾಲದಿಂದ ನಂಬಿದ್ದೇನೆ. ಆ ರಾತ್ರಿ ಅದು ಇನ್ನೂ ಗಟ್ಟಿಯಾಯಿತು. ದೊಡ್ಡ ಕಂಪನಿ ತನ್ನ ದುಡಿಯುವ ಬಂಡವಾಳವನ್ನು ಬ್ಯಾಂಕಿನಿಂದ ಕಡಿಮೆ ಬಡ್ಡಿಗೆ ಪಡೆಯಬಲ್ಲದು. ಆದರೂ ಅದು ಸಣ್ಣವನ ಬಿಲ್ಲನ್ನು ತಡೆಹಿಡಿದು, ಅವನಿಂದ ಬಡ್ಡಿಯಿಲ್ಲದ ಸಾಲ ತೆಗೆದುಕೊಳ್ಳುತ್ತದೆ. ಆ ಕೊರತೆ ತುಂಬಲು ಸಣ್ಣವನು ಹೆಚ್ಚಿನ ಬಡ್ಡಿಗೆ ಸಾಲ ತರುತ್ತಾನೆ, ಇಲ್ಲವೆ ಚೀಟಿ ಎತ್ತುತ್ತಾನೆ. ಬಿಲ್ಲು ಹರಿದ ಮರುತಿಂಗಳೇ ಜಿಎಸ್‌ಟಿ ಕಟ್ಟಬೇಕು. ಗಿರಾಕಿ ಹಣ ಕೊಟ್ಟನೇ ಇಲ್ಲವೇ ಎಂದು ತೆರಿಗೆಯ ಕಾನೂನು ಕೇಳುವುದಿಲ್ಲ. ಬಾರದ ಹಣಕ್ಕೆ ಮೊದಲೇ ತೆರಿಗೆ ಕಟ್ಟಿದ ಮೇಲೆ ಹೊಸ ಯಂತ್ರಕ್ಕೆ, ಹುಡುಗರ ತರಬೇತಿಗೆ ಉಳಿಯುವುದೇನು?

ಕಾನೂನು ಇದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ ಗಿರಾಕಿ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳ ಚಕ್ರಬಡ್ಡಿ. ದೂರು ಕೊಡಲು ರಾಜ್ಯಗಳಲ್ಲಿ ಮಂಡಳಿಗಳಿವೆ. 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆಗೆ ಒಂದು ಹೊಸ ಷರತ್ತನ್ನೂ ಸೇರಿಸಿತು: ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಗಡುವಿನೊಳಗೆ ಕೊಡದ ಹಣವನ್ನು, ಕೊಟ್ಟ ವರ್ಷದವರೆಗೆ, ಖರ್ಚೆಂದು ತೋರಿಸುವಂತಿಲ್ಲ. ಹಾಗಿದ್ದರೆ ದೂರು ಏಕೆ ಕೊಡಲಿಲ್ಲ ಎಂದು ಯಜಮಾನರನ್ನು ಕೇಳಿದೆ. “ದೂರು ಕೊಟ್ಟ ದಿನಾನೇ ಆ ಕಂಪನಿ ಬಾಗಿಲಾ ಮುಚ್ಚಿದಂಗ್ರಿ. ಇನ್ನೊಬ್ಬ ಕಾಯ್ತಿರ್ತಾನ” ಎಂದರು. ಸಣ್ಣವನ ಬದುಕೇ ಗಿರಾಕಿಯ ಕೈಯಲ್ಲಿರುವಾಗ, ಅವನೇ ದೂರು ಕೊಡಲಿ ಎಂದು ಕಾಯುವ ಕಾನೂನು ಅರ್ಧ ಕಾನೂನು. ತಡಮಾಡಿದವರ ಲೆಕ್ಕವನ್ನು ಸರ್ಕಾರ ತಾನೇ ತೆರಿಗೆ ದಾಖಲೆಗಳಿಂದ ತೆಗೆದು ವಸೂಲಿ ಮಾಡಬೇಕು. ಬಿಲ್ಲುಗಳೆಲ್ಲ ಜಿಎಸ್‌ಟಿ ಜಾಲದಲ್ಲೇ ಇರುವಾಗ ಇದು ಆಗದ ಕೆಲಸವಲ್ಲ. ಸರ್ಕಾರಿ ಇಲಾಖೆಗಳೂ ನಿಗಮಗಳೂ ತಾವೇ ಬಾಕಿದಾರರಾಗಿರುವ ಕಡೆ ಈ ಮಾತು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ಮಾತ್ರ ಅವರ ಮುಖ ಅರಳಿತು. 2012ರಲ್ಲಿ ಅಂದಿನ ಆಂಧ್ರಪ್ರದೇಶದಲ್ಲಿ ಕೈಗಾರಿಕೆಗಳಿಗೆ ವಾರಕ್ಕೆ ಮೂರು ದಿನ ಪವರ್ ಹಾಲಿಡೇ ಇತ್ತು. ಡೀಸೆಲ್ ಜನರೇಟರ್ ಓಡಿಸಿದರೆ ಜಾಬ್ ವರ್ಕಿನ ಲಾಭವೆಲ್ಲ ಹೊಗೆಯಾಗುತ್ತಿತ್ತು. ಓಡಿಸದಿದ್ದರೆ ಬಿಹಾರ, ಒಡಿಶಾದ ಹುಡುಗರು ಊರಿಗೆ ಹೊರಟು ನಿಲ್ಲುತ್ತಿದ್ದರು. 2014ರಲ್ಲಿ ತೆಲಂಗಾಣ ರಾಜ್ಯವಾದ ಮೇಲೆ ಕೆಲವೇ ತಿಂಗಳಲ್ಲಿ ಆ ಕಾಟ ತಪ್ಪಿತು ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ಅದೇ ವರ್ಷದ ಟಿಎಸ್-ಐಪಾಸ್ ಕಾಯ್ದೆ ಪರವಾನಗಿಗಳಿಗೆ ಗಡುವು ಹಾಕಿತು. ದೊಡ್ಡ ಯೋಜನೆಗೆ 15 ದಿನ, ಉಳಿದವಕ್ಕೆ 30 ದಿನ. ಅಷ್ಟರಲ್ಲಿ ಉತ್ತರ ಬಾರದಿದ್ದರೆ ಒಪ್ಪಿಗೆ ಸಿಕ್ಕಂತೆ. ಕಾಯುವ ದಿನಗಳಿಗೂ ಬಾಡಿಗೆ, ಬಡ್ಡಿ ತೆರಬೇಕಾದವರಿಗೆ ಇದು ದೊಡ್ಡ ಉಪಕಾರ.

ಮರುದಿನ ಗೇರು ಕುಲುಮೆಯಿಂದ ಬಂದು ತಣಿಯುವ ಹೊತ್ತಿಗೆ ನಾನು ಯೂಸುಫ್‌ಗುಡಕ್ಕೆ ಹೋದೆ. ಅಲ್ಲಿ ರಾಷ್ಟ್ರೀಯ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಸಂಸ್ಥೆಯ ಮರಗಳ ನೆರಳಿನ ಆವರಣವಿದೆ. 1960ರಲ್ಲಿ ದೆಹಲಿಯಲ್ಲಿ ಹುಟ್ಟಿ 1962ರಲ್ಲಿ ಇಲ್ಲಿಗೆ ಬಂದ ಸಂಸ್ಥೆ. ಆಗಿನ ಹೆಸರು ಸೀಯೆಟ್. ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲೆಂಡ್ 1960ರ ದಶಕದ ನಡುವಿನಲ್ಲಿ ತಮ್ಮ ಪ್ರಸಿದ್ಧ ಪ್ರಯೋಗ ನಡೆಸಿದ್ದು ಇದೇ ಸಂಸ್ಥೆಯೊಂದಿಗೆ. ಕಾಕಿನಾಡದ 50ಕ್ಕೂ ಹೆಚ್ಚು ವ್ಯಾಪಾರಿ-ಉದ್ಯಮಿಗಳನ್ನು ತಂಡತಂಡವಾಗಿ ಇಲ್ಲಿಗೆ ಕರೆಸಿ ಸುಮಾರು ಹತ್ತು ದಿನಗಳ ತರಬೇತಿ ಕೊಟ್ಟರು. ಚಿತ್ರ ನೋಡಿ ಕಥೆ ಕಟ್ಟುವುದು, ತೀರಾ ಸುಲಭವೂ ತೀರಾ ಕಠಿಣವೂ ಅಲ್ಲದ ಗುರಿ ಇಟ್ಟುಕೊಳ್ಳುವುದು, ತನ್ನ ಮುಂದಿನ ವರ್ಷಗಳ ಯೋಜನೆ ಬರೆಯುವುದು ಅದರಲ್ಲಿದ್ದವು. ಸಾಧಿಸುವ ಹಂಬಲವನ್ನು ಕಲಿಸಬಹುದೇ ಎಂಬುದು ಪ್ರಶ್ನೆ. ತರಬೇತಿ ಪಡೆದವರು ಊರಿಗೆ ಮರಳಿ ಇತರರಿಗಿಂತ ಹೆಚ್ಚು ಚುರುಕಾಗಿ ದುಡಿದರು, ಹೆಚ್ಚು ಹೂಡಿದರು ಎಂದು 1969ರಲ್ಲಿ ಮೆಕ್ಲೆಲೆಂಡ್ ಮತ್ತು ಡೇವಿಡ್ ವಿಂಟರ್ ತಮ್ಮ ಪುಸ್ತಕದಲ್ಲಿ ವಾದಿಸಿದರು. ಇಂದು ದೇಶದಾದ್ಯಂತ ನಡೆಯುವ ಉದ್ಯಮಶೀಲತಾ ತರಬೇತಿಗಳ ಮೂಲದಲ್ಲಿ ಕಾಕಿನಾಡದ ಆ ಪ್ರಯೋಗವಿದೆ.

ಆ ಆವರಣದ ಮರದಡಿ ಕೂತು ನಾನು ಯೋಚಿಸಿದ್ದು ಇಷ್ಟು. ಇಲ್ಲಿ ಹಂಬಲದ ಪಾಠ ನಡೆಯುತ್ತಿದ್ದ ವರ್ಷಗಳಲ್ಲೇ, ಕೆಲವೇ ಕಿಲೋಮೀಟರ್ ಆಚೆ, ಆ ಪಾಠ ಕೇಳದ ಫಿಟ್ಟರು ಟರ್ನರುಗಳು ಬಾಲಾನಗರದಲ್ಲಿ ಶೆಡ್ಡು ಹಾಕುತ್ತಿದ್ದರು. ಅವರ ಹಂಬಲಕ್ಕೆ ಆಸರೆಯಾದದ್ದು ಕೈಯಲ್ಲಿದ್ದ ಆರ್ಡರು. ತರಬೇತಿ ಬೇಡವೆಂದು ನಾನು ಹೇಳುವುದಿಲ್ಲ. ಕಲಿತವನು ಊರಿಗೆ ಮರಳಿದಾಗ ಅಲ್ಲಿ ಗಿರಾಕಿ ಇರಬೇಕು, ಉಕ್ಕು ಕೊಯ್ದು ಕೊಡುವವನಿರಬೇಕು, ಪರೀಕ್ಷಿಸುವ ಯಂತ್ರವಿರಬೇಕು. ನಮ್ಮ ಹುಡುಗರಿಗೆ ಶಿಬಿರದ ಪ್ರಮಾಣಪತ್ರ ಕೊಟ್ಟು ಬರಿಗೈಯಲ್ಲಿ ಕಳಿಸುವುದು ಅನ್ಯಾಯ.

2015-16ರ ರಾಷ್ಟ್ರೀಯ ಮಾದರಿ ಸಮೀಕ್ಷೆ ದೇಶದಲ್ಲಿ 6.34 ಕೋಟಿ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳನ್ನು ಅಂದಾಜಿಸಿತು. ಅವುಗಳಲ್ಲಿ ದುಡಿಯುವವರು 11 ಕೋಟಿ. ಅಂದರೆ ಸರಾಸರಿ ಒಂದಕ್ಕೆ ಇಬ್ಬರೂ ಇಲ್ಲ. ನೂರರಲ್ಲಿ 99ಕ್ಕಿಂತ ಹೆಚ್ಚು ಸೂಕ್ಷ್ಮ ಘಟಕಗಳೇ. ಮಧ್ಯಮ ಗಾತ್ರದವು ಇಡೀ ದೇಶದಲ್ಲಿ ಐದು ಸಾವಿರದಷ್ಟು. ಸಣ್ಣವರು ಸಣ್ಣವರಾಗಿಯೇ ಉಳಿಯಲು ನಮ್ಮ ನೀತಿಯೂ ಕಾರಣ. 1967ರಿಂದ ನೂರಾರು ವಸ್ತುಗಳ ತಯಾರಿಕೆಯನ್ನು ಸಣ್ಣ ಘಟಕಗಳಿಗೇ ಮೀಸಲಿಟ್ಟೆವು. ರಕ್ಷಣೆಯ ಉದ್ದೇಶ ಒಳ್ಳೆಯದೇ. ಆದರೆ ಬೆಳೆದರೆ ಮೀಸಲು ಹೋಗುತ್ತದೆ ಎಂಬ ಭಯಕ್ಕೆ ಎಷ್ಟೋ ಜನ ಯಂತ್ರ ಕೊಳ್ಳದೆ ಕೂತರು, ಇನ್ನೊಂದು ಹೆಸರಲ್ಲಿ ಇನ್ನೊಂದು ಸಣ್ಣ ಘಟಕ ತೆರೆದರು. ಕೊನೆಯ 20 ವಸ್ತುಗಳ ಮೀಸಲು ತೆಗೆದದ್ದು 2015ರಲ್ಲಿ.

ಯೂಸುಫ್‌ಗುಡದಿಂದ ಲಾಡ್ ಬಜಾರಿಗೆ ಹೋದದ್ದು ಷಡ್ಡಕನ ಮಗಳ ಬಳೆಗಾಗಿ. ಚಾರ್ಮಿನಾರಿನ ಪಕ್ಕದ ಆ ಬೀದಿಯಲ್ಲಿ ಕಣ್ಣು ಕೋರೈಸುವ ಅರಗಿನ ಬಳೆಗಳು. ಕೆಂಡದ ಮೇಲೆ ಅರಗನ್ನು ಮೆತ್ತಗೆ ಮಾಡಿ, ಹೊಸೆದು, ಬಳಸಿ, ಬಿಸಿಯಿರುವಾಗಲೇ ಒಂದೊಂದು ಹರಳನ್ನು ಒತ್ತಿ ಕೂರಿಸುತ್ತಾರೆ. ಆ ಕೈಗಳು ಹಳೆಯ ನಗರದ ಇಕ್ಕಟ್ಟಿನ ಮನೆಗಳಲ್ಲಿವೆ, ಅಂಗಡಿಯ ಹೊಳಪಿನಿಂದ ದೂರ. ಕೂಲಿ ಜೋಡಿಯ ಲೆಕ್ಕ. ಕೆಂಡದ ಹೊಗೆ ಕಣ್ಣಿಗೆ, ಎದೆಗೆ. 2024ರಲ್ಲಿ ಈ ಬಳೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಬಂತು. ಕೌಶಲ ಇದೆ, ಊರಿನಲ್ಲೇ ಮಾರುಕಟ್ಟೆ ಇದೆ, ಹೆಸರೂ ಬಂತು. ಬೆಲೆ ನಿರ್ಧರಿಸುವ ಶಕ್ತಿ ಮಾತ್ರ ಮಾಡುವವರ ಕೈಗೆ ಬಂದಿಲ್ಲ. ಬೀದರಿನ ಬಿದರಿ ಕುಶಲಕರ್ಮಿಗಳದ್ದೂ ಇದೇ ಪಾಡು. ಅದಕ್ಕೆ 2006ರಲ್ಲೇ ಜಿಐ ಸಿಕ್ಕಿದೆ. ಮಾಡುವವರ ಸಹಕಾರ ಸಂಘ ಗಟ್ಟಿಯಿಲ್ಲದ ಕಡೆ ಜಿಐ ಚೀಟಿ ಅಂಗಡಿಯವನ ಗೋಡೆಗೆ ಅಲಂಕಾರವಾಗುತ್ತದೆ.

ಗೇರು ಕೈಗೆ ಬಂತು. ಗಡಸುತನದ ಅಂಕಿ ಬರೆದ ಚೀಟಿಯನ್ನೂ ಯಜಮಾನರು ಕೊಟ್ಟರು. ಷಡ್ಡಕ ಅಲ್ಲೇ ಪೂರ್ತಿ ಹಣ ಎಣಿಸಿದ. ಮರಳುವಾಗ ಬಸ್ಸು ಹಿಡಿದೆವು. ಪಟಾನ್‌ಚೆರು, ಜಹೀರಾಬಾದ್, ಹುಮನಾಬಾದ್ ಮಾರ್ಗ.

ಪಟಾನ್‌ಚೆರುವಿನಲ್ಲಿ ಹೆದ್ದಾರಿಯ ಬದಿಗೆ ಇಕ್ರಿಸ್ಯಾಟ್‌ನ ವಿಶಾಲ ಹೊಲಗಳು. 1972ರಲ್ಲಿ ಸ್ಥಾಪನೆಯಾದ ಈ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಗೆ ನಮ್ಮ ಬೇಳೆ ಮಿಲ್ಲುಗಳು ಋಣಿಯಾಗಿವೆ. ನೆಟೆ ರೋಗದಿಂದ ತೊಗರಿ ಹೊಲಗಳೇ ಒಣಗುತ್ತಿದ್ದ ಕಾಲದಲ್ಲಿ ಇಲ್ಲಿಂದ ಬಂದ ಐಸಿಪಿ 8863 ಎಂಬ ತಳಿ 1986ರಲ್ಲಿ ‘ಮಾರುತಿ’ ಹೆಸರಿನಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾಯಿತು, ಕಲಬುರಗಿಯ ಕಪ್ಪು ನೆಲದಲ್ಲಿ ಹರಡಿತು. ಕಾಳು ಬಂದದ್ದರಿಂದ ಮಿಲ್ಲುಗಳು ಉಳಿದವು. ಸಣ್ಣ ಉದ್ಯಮದ ಲೆಕ್ಕದಲ್ಲಿ ಸಂಶೋಧನಾಲಯದ ಹೆಸರನ್ನು ಯಾರೂ ಬರೆಯುವುದಿಲ್ಲ, ಬರೆಯಬೇಕು.

ಅದೇ ಪಟಾನ್‌ಚೆರುವಿನ ಇನ್ನೊಂದು ಮಗ್ಗುಲು ನೋವಿನದು. ಬಲ್ಕ್ ಡ್ರಗ್ ಘಟಕಗಳ ಕೊಳಚೆ ಕೆರೆ, ಬಾವಿ, ನಕ್ಕವಾಗು ಹಳ್ಳಕ್ಕೆ ಸೇರಿ ರೈತರು ದಶಕಗಳ ಕಾಲ ನ್ಯಾಯಾಲಯಗಳಿಗೆ ಅಲೆದರು. 2007ರಲ್ಲಿ ಸ್ವೀಡನ್ನಿನ ಯೋಆಕಿಂ ಲಾರ್ಸನ್ ಮತ್ತು ಸಂಗಡಿಗರು, ಸುಮಾರು 90 ಔಷಧ ಘಟಕಗಳ ತ್ಯಾಜ್ಯ ಸಂಸ್ಕರಿಸುವ ಇಲ್ಲಿನ ಸ್ಥಾವರದಿಂದ ಹೊರಬಂದ ನೀರಿನಲ್ಲಿ, ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಕಂಡದ್ದನ್ನು ಪ್ರಕಟಿಸಿದರು. ಔಷಧ ನುಂಗಿದ ರೋಗಿಯ ರಕ್ತದಲ್ಲಿರುವುದಕ್ಕಿಂತ ಹೆಚ್ಚಿನ ಪ್ರಮಾಣ ಅದು. ಅಂಥ ನೀರಿನಲ್ಲಿ ಬದುಕಲು ಕಲಿತ ಬ್ಯಾಕ್ಟೀರಿಯಾಗಳಿಗೆ ಗಡಿಯಿಲ್ಲ. ಒಂದು ಊರಿನ ಉದ್ಯಮದ ಏಳಿಗೆಯನ್ನು ಅಳೆಯುವಾಗ ಪಕ್ಕದ ಊರು ಕುಡಿಯುವ ನೀರನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಆ ಲೆಕ್ಕ ಸುಳ್ಳು. ಸಣ್ಣ ಘಟಕ ಒಂಟಿಯಾಗಿ ಸಂಸ್ಕರಣೆಯ ಖರ್ಚು ಹೊರಲಾರದು ಎಂಬುದು ನಿಜ. ಅದಕ್ಕೇ ಸಾಮೂಹಿಕ ಸ್ಥಾವರ ಕಟ್ಟಬೇಕು, ಕಟ್ಟಿದ ಮೇಲೆ ಅದನ್ನು ಕಾಯಬೇಕು.

ಇನ್ನೊಂದು ಆತಂಕವನ್ನು ಯಜಮಾನರು ಬೀಳ್ಕೊಡುವಾಗ ಹೇಳಿದ್ದರು. 2025ರ ನವೆಂಬರಿನಲ್ಲಿ ತೆಲಂಗಾಣ ಸರ್ಕಾರ ಹೊರವರ್ತುಲ ರಸ್ತೆಯೊಳಗಿನ ಹಳೆಯ ಕೈಗಾರಿಕಾ ಭೂಮಿಯನ್ನು ಶುಲ್ಕ ಕಟ್ಟಿ ವಸತಿ, ವಾಣಿಜ್ಯಕ್ಕೆ ಬದಲಾಯಿಸಿಕೊಳ್ಳಲು ಬಿಡುವ ನೀತಿ ತಂದಿದೆ. ಮಾಲಿನ್ಯದ ಘಟಕಗಳು ಜನವಸತಿಯಿಂದ ಹೊರಹೋಗುವುದು ಸರಿ. ಆದರೆ ಬಾಲಾನಗರದ ಲೇತಿನವರಲ್ಲಿ ಬಾಡಿಗೆದಾರರು ಬಹಳ. ಪ್ಲಾಟಿನ ಒಡೆಯನಿಗೆ ಅಪಾರ್ಟ್‌ಮೆಂಟಿನ ಲಾಭ ಸಿಗುತ್ತದೆ, ಬಾಡಿಗೆದಾರನಿಗೆ ದೂರದ ಖಾಲಿ ಬಯಲು. ಒಬ್ಬೊಬ್ಬರನ್ನೇ ಬೇರೆ ಬೇರೆ ದಿಕ್ಕಿಗೆ ಕಳಿಸಿದರೆ ಯಂತ್ರಗಳು ಉಳಿಯುತ್ತವೆ, ಗಲ್ಲಿ ಸಾಯುತ್ತದೆ. ಐವತ್ತು ವರ್ಷದಲ್ಲಿ ಕಟ್ಟಿದ್ದನ್ನು ಐದು ವರ್ಷದಲ್ಲಿ ಮತ್ತೆ ಕಟ್ಟಲಾಗದು. ಕಳಿಸುವುದೇ ಆದರೆ ಕುಲುಮೆಯವನು, ಹಾಬಿಂಗಿನವನು, ಉಕ್ಕಿನವನು ಎಲ್ಲರನ್ನೂ ಒಟ್ಟಿಗೆ, ಒಂದೇ ಕಡೆ ಕಳಿಸಲಿ.

ನಮ್ಮ ಕಡೆಗೂ ಒಂದು ಅವಕಾಶ ಬಂದಿದೆ. 2023ರಲ್ಲಿ ಕೇಂದ್ರ ಘೋಷಿಸಿದ ಏಳು ಪಿಎಂ ಮಿತ್ರ ಜವಳಿ ಪಾರ್ಕುಗಳಲ್ಲಿ ಕಲಬುರಗಿಯದೂ ಒಂದು. ಎಂಎಸ್‌ಕೆ ಬಟ್ಟೆ ಮಿಲ್ಲು ಮುಚ್ಚಿದಾಗ ಸಾವಿರಾರು ಮನೆಗಳ ಒಲೆ ಆರಿದ್ದನ್ನು ಕಂಡ ಊರು ನಮ್ಮದು. ಪಾರ್ಕಿನ ಕಾಂಪೌಂಡಿನೊಳಗೆ ದೊಡ್ಡ ಕಂಪನಿಗಳು ಬಂದು, ಮಗ್ಗದ ಬಿಡಿಭಾಗ ಹೈದರಾಬಾದಿನಿಂದಲೋ ಕೊಯಮತ್ತೂರಿನಿಂದಲೋ ಬರುವಂತಾದರೆ ಮಳಖೇಡದ ಕಥೆ ಮತ್ತೆ ನಡೆಯುತ್ತದೆ. ಪಾರ್ಕಿನ ಜೊತೆಗೇ ಸಣ್ಣವರಿಗೆ ಬಾಡಿಗೆ ಶೆಡ್ಡು, ಒಂದು ಹೀಟ್ ಟ್ರೀಟ್‌ಮೆಂಟ್ ಕುಲುಮೆ, ಒಂದು ಪರೀಕ್ಷಾ ಪ್ರಯೋಗಾಲಯ, ನಮ್ಮಲ್ಲೇ ಇರುವ ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರದ (ಜಿಟಿಟಿಸಿ) ಬಾಗಿಲು ಸಂಜೆಯೂ ಅವರಿಗೆ ತೆರೆದಿರುವ ಏರ್ಪಾಡು, ಬಿಡಿಭಾಗಗಳ ಒಂದು ಪಾಲನ್ನು ಸ್ಥಳೀಯರಿಂದಲೇ ಕೊಳ್ಳುವ ಕರಾರು, ಕೊಂಡದ್ದಕ್ಕೆ 45 ದಿನದೊಳಗೆ ಹಣ. ಕಲ್ಯಾಣ ಕರ್ನಾಟಕದ ಜನಪ್ರತಿನಿಧಿಗಳು ಇಷ್ಟನ್ನು ಕೇಳಿ ಬರೆಯಿಸಿಕೊಳ್ಳಬೇಕು.

ಓದುವ ನಿಮ್ಮಲ್ಲಿ ಕಚೇರಿ ನಡೆಸುವವರು, ಕಂಪನಿಯ ಲೆಕ್ಕ ನೋಡುವವರು, ಕಾರ್ಖಾನೆಯ ಖರೀದಿ ವಿಭಾಗದವರು ಇದ್ದೀರಿ. ನಿಮ್ಮ ಮೇಜಿನ ಮೇಲೆ ಯಾವುದಾದರೂ ಸಣ್ಣ ಘಟಕದ ಬಿಲ್ಲು ಸಹಿಗೆ ಕಾದಿದ್ದರೆ ದಯವಿಟ್ಟು ಈ ವಾರವೇ ಸಹಿ ಹಾಕಿ.